ವೃತ್ತಿಯೊಳಗೊಂದು ಕಾಯಕ : ನಿಘಂಟುಕಾರ ಕಿಟೆಲ್ಲರ ನಿದರ್ಶನ

ಹೊಟ್ಟೆಪಾಡಿಗಾಗಿ ಮನುಷ್ಯನು ಮಾಡುವ ದುಡಿಮೆಗೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ಕೆಲಸ, ಕಸುಬು, ಉದ್ಯೋಗ, ವೃತ್ತಿ, ಕಾಯಕ ಎಂಬ ಈ ಮಾತುಗಳು ಮೇಲ್ನೋಟಕ್ಕೆ ಸಮಾನಾರ್ಥಕಗಳಂತೆ ತೋರಿದರೂ ಒಂದೊಂದರ ಹಿಂದೆಯೂ ಒಂದೊಂದು ಭಾವ ನೆಲೆಗೊಂಡಿದೆ. ಕಸುಬು ಅರಬ್ಬಿ ಮೂಲದಿಂದ ಬಂದುದು. ಗಳಿಕೆಯೇ ಅದರ ಮೊದಲ ಅರ್ಥ. ಉದ್ಯೋಗವೆಂಬುದು ಸಂಸ್ಕೃತದಲ್ಲಿ ಯತ್ನವನ್ನು, ಮೇಲೆದ್ದು ತೊಡಗುವುದನ್ನು ಸೂಚಿಸುತ್ತದೆ. ವೃತ್ತಿಯೆಂದರೆ ಇರುವ ಬಗೆ, ನಡೆವ ರೀತಿ. ಅದರಿಂದ ಜೀವನೋಪಾಯವೆಂಬ ಅರ್ಥವೂ ಬಂದಿತು. ಕಾಯಕವಾದರೋ ಕಾಯದಿಂದ, ಎಂದರೆ ಶರೀರದಿಂದ, ಹುಟ್ಟಿದ ಮಾತು. ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ಹೊಸದೊಂದು ತೂಕವನ್ನು ತಂದುಕೊಟ್ಟರು. ತನ್ನ ಮೈಯನ್ನು ದಂಡಿಸಿ, ಮನಸ್ಸನ್ನು ಅದರಲ್ಲಿಯೇ ನಿಲ್ಲಿಸಿ, ಬಂದ ಫಲವನ್ನು ತನ್ನೊಬ್ಬನದೆಂದು ಬಗೆಯದೆ ಸಮಾಜಕ್ಕೆ ಸಲ್ಲಿಸುವ ದುಡಿಮೆಯೇ ಕಾಯಕವೆನಿಸಿತು.

ಈ ಐದು ಮಾತುಗಳೂ ಒಂದೇ ದುಡಿಮೆಗೆ ಸಲ್ಲುವಂತಾದರೆ ಅದಕ್ಕಿಂತ ದೊಡ್ಡ ಭಾಗ್ಯ ಬೇರೊಂದಿಲ್ಲ. ಆದರೆ ಬಹುಮಂದಿಯ ಬಾಳಿನಲ್ಲಿ ಹೀಗಾಗುವುದಿಲ್ಲ. ಉದ್ಯೋಗವೊಂದು ದೊರೆತಿರುತ್ತದೆ, ಅದರಿಂದ ಸಂಸಾರವೂ ಸಾಗುತ್ತಿರುತ್ತದೆ, ಆದರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಮೇಲಿನವರ ಮೆಚ್ಚಿಗೆಯಿಲ್ಲ, ಜೊತೆಯವರ ಸೌಹಾರ್ದವಿಲ್ಲ, ಮಾಡಿದ ಕೆಲಸಕ್ಕೆ ಅರ್ಥವೇನೆಂಬ ಪ್ರಶ್ನೆ ಪ್ರತಿ ಮುಂಜಾನೆ ಎದುರಿಗೆ ಬಂದು ನಿಲ್ಲುತ್ತದೆ. ಇಂಥವರಿಗೆ ಲೋಕವು ಸಾಮಾನ್ಯವಾಗಿ ಎರಡೇ ಸಲಹೆಗಳನ್ನು ಕೊಡುತ್ತದೆ. ಬಿಟ್ಟು ಬೇರೊಂದನ್ನು ಹಿಡಿಯೆಂಬುದು ಒಂದು. ಹಣೆಯ ಬರಹವೆಂದು ಸಹಿಸಿಕೊಳ್ಳೆಂಬುದು ಇನ್ನೊಂದು. ಇವೆರಡಕ್ಕೂ ಹೊರತಾದ ಮೂರನೆಯದೊಂದು ದಾರಿಯಿದೆ. ಕೊಟ್ಟ ಉದ್ಯೋಗದ ಒಳಗಡೆಯೇ ತನಗೆ ಸಲ್ಲುವ ಕಾಯಕವನ್ನು ಹುಡುಕಿ ತೆಗೆದು, ಅದನ್ನು ಕೈಬಿಡದೆ ನಡೆಯಿಸುವುದೇ ಆ ದಾರಿ. ಇದು ಹೇಗೆ ಸಾಧ್ಯವೆಂಬುದಕ್ಕೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಹೆಸರು ಕೇಳಿರುವ, ಆದರೆ ಬಾಳನ್ನು ಅಷ್ಟಾಗಿ ಅರಿಯದ, ಮಹನೀಯರೊಬ್ಬರು ನಿದರ್ಶನರಾಗಿದ್ದಾರೆ. ಅವರೇ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ರೆವರೆಂಡ್ ಫರ್ಡಿನಾಂಡ್ ಕಿಟೆಲ್.

ಒಲ್ಲದ ನೆಲೆ

ಕಿಟೆಲ್ಲರು ಕ್ರಿ. ಶ. ೧೮೩೨ರ ಏಪ್ರಿಲ್ ೭ರಂದು ಜರ್ಮನಿಯ ಉತ್ತರ ಕಡಲ ಕರೆಯ ಪೂರ್ವ ಫ್ರಿಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಶಾಲೆಯಲ್ಲಿ ಪ್ರಾಚೀನ ಭಾಷೆಗಳ ಗಟ್ಟಿಯಾದ ಅಡಿಪಾಯವನ್ನು ಪಡೆದು, ೧೮೫೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿದರು. ೧೮೫೩ರಲ್ಲಿ ಮಿಶನ್ನು ಅವರನ್ನು ಕನ್ನಡ ನಾಡಿಗೆ ಕಳುಹಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಅವರಿಗೆ ಒಪ್ಪಿಸಲಾಗಿದ್ದ ಕೆಲಸ ಸ್ಪಷ್ಟವಾಗಿತ್ತು: ಮತಪ್ರಚಾರ. ನಿಘಂಟಿನ ಮಾತು ಆ ನೇಮಕದಲ್ಲಿ ಇರಲೇ ಇಲ್ಲ.

ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂದುದು ೧೮೩೪ರಲ್ಲಿ. ೧೮೪೧ರಲ್ಲಿ ಅಲ್ಲಿ ಅಚ್ಚುಕೂಟ ಸ್ಥಾಪಿತವಾಯಿತು. ೧೮೪೩ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದರು. ಅವರೂ ಅವರ ಬಂಧುವಾದ ಗಾಟ್‌ಫ್ರೀಡ್ ವೈಗಲರೂ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತರುವ ಗ್ರಂಥಮಾಲೆಯಲ್ಲಿ ದುಡಿದಿದ್ದರು. ಹೀಗೆ ಕಿಟೆಲ್ಲರು ಕಾಲಿಟ್ಟ ಸಂಸ್ಥೆಯಲ್ಲಿ ಕನ್ನಡದ ಅಧ್ಯಯನಕ್ಕೆ ಒಂದು ಎಡೆ ಇದ್ದಿತು. ಆದರೆ ಅದು ಮುಖ್ಯ ದಾರಿಯಾಗಿರಲಿಲ್ಲ, ಮಗ್ಗುಲ ಓಣಿಯಾಗಿದ್ದಿತು. ಊರೂರಿಗೆ ಹೋಗಿ ಉಪದೇಶಿಸುವುದು, ಸಭೆಯನ್ನು ಬೆಳೆಯಿಸುವುದು, ಲೆಕ್ಕಪತ್ರಗಳನ್ನಿಟ್ಟು ಬಾಸೆಲಿನ ಆಡಳಿತ ಸಮಿತಿಗೆ ವರದಿ ಬರೆಯುವುದು ಇವೇ ಮಿಶನರಿಯ ಯೋಗ್ಯತೆಯನ್ನು ಅಳೆಯುವ ಅಳತೆಗೋಲುಗಳು.

ಈ ಅಳತೆಗೋಲಿನಲ್ಲಿ ಯುವಕ ಕಿಟೆಲ್ಲರು ಹಿಂದೆ ಬಿದ್ದರು. ಅವರ ಮನಸ್ಸು ಜನರ ಭಾಷೆ, ಆಚಾರ, ಸಂಗೀತಗಳತ್ತ ಹರಿಯುತ್ತಿತ್ತು. ಈ ನಾಡಿನ ಜನರ ನಡುವೆ ಅವರಂತೆಯೇ ಇದ್ದು ಅವರನ್ನು ಅರಿಯಬೇಕೆಂಬುದು ಅವರ ಹಂಬಲ. ಸಹೋದ್ಯೋಗಿಗಳಿಗೆ ಇದು ವಿಚಿತ್ರವೆನಿಸಿತು. ಓದಿನ ಹಮ್ಮಿನವರು, ಹೊಂದಿಕೊಳ್ಳದವರು ಎಂಬ ಟೀಕೆಗೆ ಅವರು ಗುರಿಯಾದರು. ಅವರನ್ನು ಮುಖ್ಯ ಕೇಂದ್ರದಿಂದ ದೂರದ ನೆಲೆಗೆ ಕಳುಹಿಸಿದ್ದೂ ಉಂಟು. ದೂರದೇಶಕ್ಕೆ ಬಂದ ತರುಣನೊಬ್ಬನಿಗೆ ತನ್ನವರಿಂದಲೇ ಹೊರಗಿನವನೆನಿಸಿಕೊಳ್ಳುವುದಕ್ಕಿಂತ ಮಿಗಿಲಾದ ನೋವು ಬೇರೆ ಯಾವುದಿರಬಲ್ಲುದು?

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಕಿಟೆಲ್ಲರ ಈ ಸೋಲು ಸೋಮಾರಿತನದಿಂದ ಬಂದುದಲ್ಲ, ಅಯೋಗ್ಯತೆಯಿಂದ ಬಂದುದೂ ಅಲ್ಲ. ಅವರ ಶಕ್ತಿಯು ಹರಿಯುವ ದಿಕ್ಕು ಒಂದು, ಉದ್ಯೋಗವು ಕೇಳುವ ದಿಕ್ಕು ಇನ್ನೊಂದು ಆಗಿದ್ದಿತು. ಇಂಥ ಸಂದರ್ಭದಲ್ಲಿ ಉಂಟಾಗುವ ಬೇಸರವನ್ನು ಕೇವಲ ದೌರ್ಬಲ್ಯವೆಂದು ತಳ್ಳಿಹಾಕುವುದು ತಪ್ಪು. ಅದು ಒಂದು ಸೂಚನೆ. ನಿಯಮಿಸಿದ ಕೆಲಸ ಮುಗಿದ ಮೇಲೆಯೂ ದಣಿವನ್ನು ಮರೆತು ಮನಸ್ಸು ಯಾವುದರ ಕಡೆಗೆ ತಾನಾಗಿ ತಿರುಗುತ್ತದೆಯೋ ಅಲ್ಲಿ ಕಾಯಕದ ಬೀಜವಿರುತ್ತದೆ. ಉಪದೇಶಕ್ಕೆಂದು ಹೋದ ಊರಿನಲ್ಲಿ ಕಿಟೆಲ್ಲರ ಕಿವಿಗೆ ಬೀಳುತ್ತಿದ್ದುದು ಜನರ ನುಡಿ. ಗಾದೆಯೊಂದು, ಒಕ್ಕಲುತನದ ಉಪಕರಣದ ಹೆಸರೊಂದು, ಒಂದೇ ಪದವನ್ನು ಧಾರವಾಡದ ಕಡೆಯವರು ಒಂದು ಬಗೆಯಾಗಿಯೂ ಮೈಸೂರಿನ ಕಡೆಯವರು ಇನ್ನೊಂದು ಬಗೆಯಾಗಿಯೂ ಆಡುವ ರೀತಿ. ಅವರು ತಮಗೆ ಅರಿವಿಲ್ಲದೆಯೇ ತಮ್ಮ ನಿಜವಾದ ಕೆಲಸವನ್ನು ಆರಂಭಿಸಿಬಿಟ್ಟಿದ್ದರು.

ಎರಡು ದಾರಿಗಳು ಕೂಡುವ ಎಡೆ

ಆದರೆ ಒಲವೊಂದಿದ್ದ ಮಾತ್ರಕ್ಕೆ ಅದು ಕಾಯಕವಾಗುವುದಿಲ್ಲ. ಒಲವು ತನ್ನ ಸುಖಕ್ಕೆ. ಕಾಯಕವು ಲೋಕದ ಅಗತ್ಯಕ್ಕೆ. ಇವೆರಡೂ ಕೂಡುವ ಎಡೆಯನ್ನು ಕಂಡುಹಿಡಿಯುವುದೇ ನಿಜವಾದ ವಿವೇಕ. ಕಿಟೆಲ್ಲರ ಬಾಳಿನ ಮುಖ್ಯ ಪಾಠವಿರುವುದು ಇಲ್ಲಿಯೇ.

ಸಂಸ್ಥೆಯೊಡನೆ ಮನಸ್ತಾಪವಿದ್ದರೂ ಅವರು ಅದನ್ನು ತೊರೆದು ಹೋಗಲಿಲ್ಲ. ತಮ್ಮ ಒಲವನ್ನು ಬಿಟ್ಟುಕೊಡಲೂ ಇಲ್ಲ. ಮಿಶನ್ನಿಗೆ ಶಾಲೆಗಳಿದ್ದವು, ಶಾಲೆಗಳಿಗೆ ಪಾಠದ ಪುಸ್ತಕಗಳು ಬೇಕಾಗಿದ್ದವು. ಅಚ್ಚುಕೂಟವಿದ್ದಿತು, ಅಲ್ಲಿ ಅಚ್ಚಾಗುವ ಗ್ರಂಥಗಳ ಭಾಷೆ ನೆಟ್ಟಗಿರಬೇಕಾಗಿದ್ದಿತು. ಬೈಬಲ್ಲಿನ ಅನುವಾದವನ್ನು ತಿದ್ದಬೇಕಾಗಿದ್ದಿತು. ಅದಕ್ಕೆ ಪದಗಳ ನಿಷ್ಕೃಷ್ಟವಾದ ಅರ್ಥ ತಿಳಿಯಬೇಕಾಗಿದ್ದಿತು. ಕನ್ನಡದ ಆಳವಾದ ಜ್ಞಾನವಿಲ್ಲದೆ ಇವೊಂದೂ ನಡೆಯುವಂತಿರಲಿಲ್ಲ. ಸಂಸ್ಥೆಯ ಕೊರತೆಯೇ ಕಿಟೆಲ್ಲರ ಒಲವಿಗೆ ಬಾಗಿಲಾಯಿತು.

೧೮೬೨ರಲ್ಲಿ ಅವರು ‘ಕಥಾಮಾಲೆ’ಯನ್ನು ರಚಿಸಿದರು. ಯೇಸುವಿನ ಚರಿತ್ರೆಯನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ ಹೇಳಿದ ಕೃತಿಯಿದು. ಉಪದೇಶವು ಮಿಶನ್ನಿನದು, ಛಂದಸ್ಸು ಕನ್ನಡದ್ದು. ಅನಂತರ ಅವರು ಪಠ್ಯಗಳಿಂದ ಶಾಸ್ತ್ರಗ್ರಂಥಗಳ ಕಡೆಗೆ ತಿರುಗಿದರು. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಮಂಗಳೂರಿನಿಂದ ಪ್ರಕಟಿಸಿದರು. ಒಂದು ವ್ಯಾಕರಣ, ಒಂದು ಛಂದಸ್ಸು. ಇವೆರಡೂ ಕೈಗೆ ಬಂದ ಮೇಲೆ ಹಳಗನ್ನಡ ಕಾವ್ಯಗಳ ಬಾಗಿಲು ಅವರಿಗೆ ತೆರೆಯಿತು.

ಇದೇ ಕಾಲಕ್ಕೆ ನಿಘಂಟಿನ ಕಾರ್ಯ ಅವರ ಹೆಗಲಿಗೆ ಬಂದಿತು. ಅದುವರೆಗೆ ಬಳಕೆಯಲ್ಲಿದ್ದುದು ವಿಲಿಯಂ ರೀವ್ ಎಂಬವರು ೧೮೩೨ರಲ್ಲಿ ಮದರಾಸಿನಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ಕೋಶ. ಅದನ್ನು ಡೇನಿಯಲ್ ಸ್ಯಾಂಡರ್ಸನ್ನರು ತಿದ್ದಿ ೧೮೫೮ರಲ್ಲಿ ಬೆಂಗಳೂರಿನಿಂದ ಮತ್ತೆ ಪ್ರಕಟಿಸಿದ್ದರು. ರೀವ್ ಹುಟ್ಟಿಸಿದ ಕೋಶವು ಕಿಟೆಲ್ಲರು ಹುಟ್ಟಿದ ವರ್ಷದಲ್ಲಿಯೇ ಅಚ್ಚಾಯಿತೆಂಬುದು ಒಂದು ಸೋಜಿಗ. ಅದು ತನ್ನ ಕಾಲಕ್ಕೆ ದೊಡ್ಡ ಸಾಧನೆಯೇ. ಆದರೆ ಹಳಗನ್ನಡದ ಶಬ್ದಸಂಪತ್ತು, ಪದಗಳ ಮೂಲ, ಗ್ರಂಥಗಳ ಪ್ರಯೋಗ ಇವನ್ನೆಲ್ಲ ಒಳಗೊಂಡ ಶಾಸ್ತ್ರೀಯವಾದ ಕೋಶವೊಂದರ ಆವಶ್ಯಕತೆ ಉಳಿದೇ ಇದ್ದಿತು. ಹೊಂದಿಕೊಳ್ಳದವರೆಂದು ಯಾರನ್ನು ಮೂಲೆಗೆ ಸರಿಸಲಾಗಿತ್ತೋ ಅವರಿಗಿಂತ ಯೋಗ್ಯರು ಈ ಕೆಲಸಕ್ಕೆ ಬೇರೊಬ್ಬರಿಲ್ಲವೆಂಬುದು ಸಂಸ್ಥೆಗೂ ಮನವರಿಕೆಯಾಯಿತು.

ಒಂದೊಂದು ಪದ

ದೊಡ್ಡ ಕಾರ್ಯವೊಂದನ್ನು ಹಿಡಿಯುವುದು ಒಂದು ದಿನದ ಉತ್ಸಾಹ. ಅದನ್ನು ಮುಗಿಸುವುದು ಸಾವಿರಾರು ದಿನಗಳ ತಾಳ್ಮೆ. ನಿಘಂಟಿನ ರಚನೆಯೆಂದರೇನೆಂಬುದನ್ನು ಕೊಂಚ ವಿವರಿಸಿದರೆ ಈ ತಾಳ್ಮೆಯ ಸ್ವರೂಪವು ವಿದಿತವಾದೀತು.

ಕೋಶಕಾರನ ಮುಂದೆ ಪದಗಳು ಸಾಲಾಗಿ ಬಂದು ನಿಲ್ಲುವುದಿಲ್ಲ. ಅವನ್ನು ಹುಡುಕಿಕೊಂಡು ಹೋಗಬೇಕು. ಅಂದು ಹಳಗನ್ನಡದ ಬಹುಪಾಲು ಗ್ರಂಥಗಳು ಇನ್ನೂ ತಾಡವೋಲೆಗಳಲ್ಲಿದ್ದವು. ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂಬುದನ್ನು ಓದುವವನೇ ನಿರ್ಣಯಿಸಬೇಕು. ಲಿಪಿಕಾರರು ತಪ್ಪಿ ಬರೆದದ್ದೇನು, ಕವಿಯು ಬಯಸಿ ಬರೆದದ್ದೇನು ಎಂಬುದನ್ನು ಬೇರ್ಪಡಿಸಬೇಕು. ಹೀಗೆ ದೊರೆತ ಒಂದೊಂದು ಪದಕ್ಕೂ ಹಳೆಯ ರೂಪವಾವುದು, ಹೊಸ ರೂಪವಾವುದು, ಅದು ಅಚ್ಚಗನ್ನಡವೋ ತದ್ಭವವೋ ತತ್ಸಮವೋ ಮರಾಠಿ ಹಿಂದೂಸ್ಥಾನಿಗಳಿಂದ ಬಂದುದೋ ಎಂಬುದನ್ನು ತೀರ್ಮಾನಿಸಬೇಕು. ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಅದರ ಬಂಧುಗಳಿದ್ದರೆ ಅವನ್ನು ಜೊತೆಗಿರಿಸಬೇಕು. ಒಂದೇ ರೂಪದ ಪದಗಳು ಬೇರೆ ಬೇರೆ ಮೂಲದಿಂದ ಬಂದಿದ್ದರೆ ಅವಕ್ಕೆ ಬೇರೆ ಬೇರೆ ಸಂಖ್ಯೆಯನ್ನು ಕೊಡಬೇಕು. ಆಡುನುಡಿಯಲ್ಲಿ ಮರೆಯಾಗಿದ್ದ ಱ, ೞ ಎಂಬ ಅಕ್ಷರಗಳಿಂದ ಕೂಡಿದ ಪದಗಳನ್ನು ಅವುಗಳ ನೆಲೆಯಲ್ಲಿಯೇ ಗುರುತಿಸಬೇಕು. ಕಡೆಗೆ, ಆ ಅರ್ಥದಲ್ಲಿ ಪದವು ಬಳಕೆಯಾದುದಕ್ಕೆ ಆಧಾರವನ್ನು ತೋರಿಸಬೇಕು.

ಕಿಟೆಲ್ಲರು ಈ ಆಧಾರಗಳನ್ನು ಕಾವ್ಯದಿಂದ ಮಾತ್ರವಲ್ಲದೆ ಜನಜೀವನದಿಂದಲೂ ಆಯ್ದುಕೊಂಡರು. ಬಸವಪುರಾಣದ ಪ್ರಯೋಗವೊಂದು, ಜೈಮಿನಿ ಭಾರತದ್ದೊಂದು, ದಾಸರ ಪದದ್ದೊಂದು, ಅವುಗಳ ಪಕ್ಕದಲ್ಲಿಯೇ ಹೆಸರಿಲ್ಲದ ಒಕ್ಕಲಿಗನ ಬಾಯಿಂದ ಬಂದ ಗಾದೆಯೊಂದು. ಪಂಡಿತನ ಓಲೆಗೂ ಪಾಮರನ ಮಾತಿಗೂ ಒಂದೇ ಪಂಕ್ತಿಯಲ್ಲಿ ಆಸನ ದೊರೆಯಿತು. ಇಂಥ ನೋಟವು ಮೇಜಿನ ಮುಂದೆ ಕುಳಿತು ಬಂದುದಲ್ಲ. ಸಹೋದ್ಯೋಗಿಗಳು ಯಾವುದನ್ನು ಕಾಲಹರಣವೆಂದು ಬಗೆದಿದ್ದರೋ ಆ ಜನಸಂಪರ್ಕವೇ ಈಗ ಶಾಸ್ತ್ರಕ್ಕೆ ಆಧಾರವಾಯಿತು. ಬಾಳಿನಲ್ಲಿ ಸೋಲೆಂದು ಕಂಡ ವರ್ಷಗಳು ಮುಂದಿನ ಕೆಲಸಕ್ಕೆ ಬಂಡವಾಳವಾಗುವುದು ಹೀಗೆ.

ಈ ಕಾರ್ಯವನ್ನು ಅವರು ಒಬ್ಬರೇ ಮಾಡಲಿಲ್ಲವೆಂಬುದನ್ನೂ ಹೇಳಬೇಕು. ನಾಡಿನ ಪಂಡಿತರು ಅವರಿಗೆ ನೆರವಾದರು. ಸಂದೇಹಗಳನ್ನು ಬಗೆಹರಿಸಿದರು, ಪದಗಳನ್ನು ಒದಗಿಸಿದರು. ಪರಭಾಷೆಯನ್ನು ಕಲಿಯುವವನು ಎಷ್ಟು ದೊಡ್ಡ ವಿದ್ವಾಂಸನಾದರೂ ಆ ಭಾಷೆಯ ಮಗುವಿನ ಮುಂದೆಯೂ ಶಿಷ್ಯನಾಗಬೇಕಾಗುತ್ತದೆ. ಕೇಳಿ ತಿಳಿಯುವ ಈ ವಿನಯವಿಲ್ಲದಿದ್ದರೆ ಹಠವು ಬರಿಯ ಹಠವಾಗಿ ಉಳಿಯುತ್ತದೆ, ಸಾಧನೆಯಾಗುವುದಿಲ್ಲ.

ತೆತ್ತ ಬೆಲೆ

ಸಾಧಕರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಫಲವನ್ನು ವರ್ಣಿಸಿ ಬೆಲೆಯನ್ನು ಮರೆಯುತ್ತಾರೆ. ಹಾಗೆ ಮಾಡುವುದು ಓದುವ ತರುಣರಿಗೆ ಮೋಸ ಮಾಡಿದಂತೆ. ಕಿಟೆಲ್ಲರ ಬಾಳಿನಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. ಮೊದಲ ಪತ್ನಿ ಪೌಲೀನ್ ಅಕಾಲದಲ್ಲಿ ತೀರಿಕೊಂಡರು. ಅನಂತರ ಅವರು ಆಕೆಯ ತಂಗಿ ಜೂಲಿಯನ್ನು ವರಿಸಿದರು. ಧಾರವಾಡ, ಮಂಗಳೂರು, ಮಡಿಕೇರಿಗಳ ನಡುವೆ ನೆಲೆಯು ಮತ್ತೆ ಮತ್ತೆ ಬದಲಾಯಿತು. ಆರೋಗ್ಯವು ಕೆಟ್ಟಿತು, ಸಣ್ಣ ಅಕ್ಷರಗಳನ್ನೂ ಮಸುಕಾದ ಓಲೆಗಳನ್ನೂ ನೋಡಿ ನೋಡಿ ಕಣ್ಣುಗಳು ಸೋತವು.

ಸ್ವದೇಶಕ್ಕೆ ಮರಳಿ ಅಲ್ಲಿಯೇ ನಿಘಂಟಿನ ಕೆಲಸವನ್ನು ಮುಂದುವರಿಸಿದ ಅವರಿಗೆ ಒಂದು ಸತ್ಯವು ಗೋಚರವಾಯಿತು. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿದ್ದುಕೊಂಡು, ಮಾತಾಡುವವರ ಸಹವಾಸವಿಲ್ಲದೆ, ಕನ್ನಡದ ನಿಘಂಟು ಪೂರ್ಣವಾಗಲಾರದು. ೧೮೮೩ರಲ್ಲಿ, ಐವತ್ತನ್ನು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಅವರು ಮತ್ತೆ ಹಡಗು ಹತ್ತಿದರು. ೧೮೯೨ರವರೆಗೆ ಇಲ್ಲಿಯೇ ಇದ್ದು ಪದಗಳನ್ನು ತೂಗಿದರು, ತಿದ್ದಿದರು, ಅಚ್ಚಿಗೆ ಅಣಿಗೊಳಿಸಿದರು. ಸುಮಾರು ಒಂಬತ್ತು ವರ್ಷಗಳ ಆ ಅಗಲಿಕೆಯನ್ನು ಕೇವಲ ತ್ಯಾಗವೆಂದು ಕೊಂಡಾಡಿ ಮುಂದೆ ಸಾಗುವುದು ಸರಿಯಲ್ಲ. ಆ ತ್ಯಾಗದ ದೊಡ್ಡ ಪಾಲನ್ನು ಹೊತ್ತವರು ಮನೆಯಲ್ಲಿ ಉಳಿದ ಪತ್ನಿ ಹಾಗೂ ತಂದೆಯ ಮುಖ ಕಾಣದೆ ಬೆಳೆದ ಮಕ್ಕಳು. ನಿಘಂಟಿನ ಮುಖಪುಟದಲ್ಲಿ ಅವರ ಹೆಸರಿಲ್ಲ. ತನ್ನ ಕೆಲಸದಲ್ಲಿ ಮುಳುಗಿದವನಿಗೆ ಅದರಿಂದಲೇ ಸುಖವೂ ಸಿಗುತ್ತದೆ. ಕಾಯುವವರಿಗೆ ಕಾಯುವಿಕೆಯೊಂದೇ ಪಾಲು. ಎಲ್ಲರೂ ಇಂಥ ಬೆಲೆಯನ್ನು ತೆರಬೇಕೆಂದಾಗಲಿ ತೆರಲೇಬಾರದೆಂದಾಗಲಿ ಹೇಳುವುದು ಸಾಧ್ಯವಿಲ್ಲ. ಆದರೆ ದಾರಿ ಹಿಡಿಯುವ ಮುನ್ನ ಆ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಕಣ್ತೆರೆದು ನೋಡುವುದು ಪ್ರತಿಯೊಬ್ಬನ ಹೊಣೆ.

ಅಪೂರ್ಣತೆಯ ಒಪ್ಪಿಗೆ

ಕಡೆಗೆ ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ನಿಘಂಟು ಹೊರಬಂದಿತು. ಸುಮಾರು ೭೦,೦೦೦ ಪದಗಳು. ಸಾವಿರದ ಏಳುನೂರಕ್ಕೂ ಮೀರಿದ ಪುಟಗಳು. ಅದರ ಪೀಠಿಕೆಯಲ್ಲಿ ಕಿಟೆಲ್ಲರು ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ನಾನ್ನೂರಕ್ಕೂ ಮಿಕ್ಕ ಪದಗಳ ಪಟ್ಟಿಯನ್ನು ಕೊಟ್ಟರು. ದೇಶಭಾಷೆಗಳೆಲ್ಲ ಸಂಸ್ಕೃತದಿಂದ ಪಡೆದವೇ ಹೊರತು ಅದಕ್ಕೆ ಕೊಟ್ಟುದಿಲ್ಲವೆಂಬ ಭಾವನೆಯು ಬಲವಾಗಿದ್ದ ಕಾಲದಲ್ಲಿ ಇದು ದಿಟ್ಟವಾದ ವಿಚಾರ. ಆ ಪಟ್ಟಿಯ ಪ್ರತಿಯೊಂದು ಪದವನ್ನೂ ಇಂದಿನ ವಿದ್ವಾಂಸರು ಒಪ್ಪದಿರಬಹುದು. ಪ್ರಶ್ನೆಯನ್ನು ಎತ್ತಿದ ಹಿರಿಮೆ ಮಾತ್ರ ಉಳಿದಿದೆ.

ಈ ಸಾಧನೆಯಲ್ಲಿ ಅಡಗಿರುವ ಇನ್ನೊಂದು ಗುಣವನ್ನು ಎತ್ತಿ ಹೇಳಬೇಕು. ಕಿಟೆಲ್ಲರ ನಿಘಂಟು ಅಪೂರ್ಣವಾದುದು. ‘ಕವಿರಾಜಮಾರ್ಗ’ವೂ ಪಂಪಭಾರತವೂ ಅಚ್ಚಾಗಿ ಬೆಳಕು ಕಂಡುದು ೧೮೯೮ರಲ್ಲಿ, ಎಂದರೆ ನಿಘಂಟು ಪ್ರಕಟವಾದ ನಾಲ್ಕು ವರ್ಷಗಳ ಅನಂತರ. ಶರಣರ ವಚನಗಳ ಬಹುಭಾಗವು ಆಗಿನ್ನೂ ಮಠಗಳ, ಮನೆಗಳ ಓಲೆಯ ಕಟ್ಟುಗಳಲ್ಲಿಯೇ ಇದ್ದಿತು. ಇಂದು ಕನ್ನಡದ ಕಣ್ಣುಗಳೆನಿಸಿರುವ ಗ್ರಂಥಗಳೇ ಸಂಪಾದಿತವಾಗಿ ಮುಂದಿಲ್ಲದಿರುವಾಗ ಕನ್ನಡದ ಕೋಶವು ಪೂರ್ಣವಾಗುವುದೆಂತು? ಎಲ್ಲವೂ ಕೈಗೆ ಬರಲಿ, ಅನಂತರ ಪ್ರಕಟಿಸೋಣವೆಂದು ಅವರು ಕುಳಿತಿದ್ದರೆ ನಿಘಂಟು ಕೈಬರೆಹದಲ್ಲಿಯೇ ಉಳಿಯುತ್ತಿತ್ತು. ದೊರೆತುದನ್ನು ಶುದ್ಧವಾಗಿ ಮಾಡಿ, ದೊರೆಯದುದನ್ನು ಮುಂದಿನವರಿಗೆ ಬಿಟ್ಟುಕೊಡುವುದು ಕೂಡ ಕಾಯಕದ ಒಂದು ಲಕ್ಷಣ. ಪರಿಪೂರ್ಣತೆಯ ಹಟದಿಂದ ಕೆಲಸವನ್ನು ಮುಗಿಸದಿರುವುದು ಎಷ್ಟೋ ವೇಳೆ ಅಹಂಕಾರದ ಇನ್ನೊಂದು ಮುಖವಾಗಿರುತ್ತದೆ.

ಹಾಗೆ ಬಿಟ್ಟುಕೊಟ್ಟುದು ವ್ಯರ್ಥವಾಗಲಿಲ್ಲ. ಮದರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಈ ನಿಘಂಟನ್ನು ಪರಿಷ್ಕರಿಸಿ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟವು ೧೯೭೦ರಲ್ಲಿಯೂ ಎಂಟನೆಯ ಹಾಗೂ ಕೊನೆಯ ಸಂಪುಟವು ೧೯೯೫ರಲ್ಲಿಯೂ ಪ್ರಕಟವಾದವು. ಒಬ್ಬರು ಇಟ್ಟ ಕಲ್ಲಿನ ಮೇಲೆ ಇನ್ನೊಬ್ಬರು ಇನ್ನೊಂದು ಕಲ್ಲನ್ನಿಟ್ಟರು.

ಕಿಟೆಲ್ಲರಿಗೆ ಮನ್ನಣೆಯೂ ಬಂದಿತು, ತಡವಾಗಿ. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ವಿಶ್ರಾಂತಿಗೆ ಅದು ತಕ್ಕ ವಯಸ್ಸೇ. ಆದರೆ ಅವರು ಕನ್ನಡದ ವ್ಯಾಕರಣವನ್ನು ಹಿಡಿದು ಕುಳಿತರು. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಮೂರು ಅವಸ್ಥೆಗಳನ್ನೂ ಒಳಗೊಂಡ ಆ ವ್ಯಾಕರಣವು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ಕಾಲವಾದರು. ಬಾಸೆಲಿನ ಸಮಿತಿಯು ಅವರಿಂದ ಬಯಸಿದ್ದ ಉಪದೇಶಕರ ಕೆಲಸವನ್ನು ಇಂದು ನೆನೆಯುವವರು ವಿರಳ. ಅವರು ತಾವಾಗಿ ಹುಡುಕಿಕೊಂಡ ಕೆಲಸವನ್ನು ಹಳಗನ್ನಡ ಓದುವ ವಿದ್ಯಾರ್ಥಿಯು ದಿನವೂ ಬಳಸುತ್ತಾನೆ.

ಇನ್ನೊಂದು ದಾರಿ

ಉದ್ಯೋಗದ ಒಳಗಡೆ ಕಾಯಕವನ್ನು ಕಂಡುಕೊಳ್ಳುವ ಅವಕಾಶ ಎಲ್ಲರಿಗೂ ದೊರೆಯಲಾರದು. ಅಂಥವರಿಗೆ ಉದ್ಯೋಗದ ಪಕ್ಕದಲ್ಲಿ ಅದನ್ನು ನಡೆಯಿಸುವ ದಾರಿಯುಂಟು. ಇದಕ್ಕೆ ನಿದರ್ಶನರಾದವರು ಈ ಪುಟಗಳ ಓದುಗರಿಗೆ ಚಿರಪರಿಚಿತರಾದ ಡಾ. ಫ. ಗು. ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವಿಜಾಪುರದ ವಕೀಲರು. ವಕೀಲಿಯು ಅನ್ನವನ್ನು ಕೊಟ್ಟಿತು; ಬಾಳಿಗೆ ಅರ್ಥವನ್ನು ಕೊಟ್ಟುದು ಓಲೆಗರಿಗಳ ಸಂಗ್ರಹ. ಕಿಟೆಲ್ಲರ ಕಾಲಕ್ಕೆ ಕತ್ತಲಲ್ಲಿದ್ದ ವಚನಗಳನ್ನು ಮನೆಮನೆಗಳಿಂದ ಹುಡುಕಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅವರು ಪ್ರಕಟಿಸಿದರು. ಅಚ್ಚಿನ ತೊಡಕುಗಳು ಹೆಚ್ಚಿದಾಗ ಇದ್ದ ಮನೆಯನ್ನು ಮಾರಿ ಸ್ವಂತ ಮುದ್ರಣಾಲಯವನ್ನು ಹೂಡಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹಗಲು ಕಕ್ಷಿದಾರರ ಕಾಗದ, ಉಳಿದ ಹೊತ್ತು ಶರಣರ ಓಲೆ. ಈ ಜೋಡು ನೇಗಿಲಿನ ಉಳುಮೆ ಬಹುಕಾಲ ನಡೆಯಿತು. ೧೯೬೪ರಲ್ಲಿ ಅವರು ಲಿಂಗೈಕ್ಯರಾದರು.

ಕಿಟೆಲ್ಲರು ಉದ್ಯೋಗದ ಒಳಗೆ, ಹಳಕಟ್ಟಿಯವರು ಉದ್ಯೋಗದ ಬದಿಗೆ ತಮ್ಮ ಕಾಯಕವನ್ನು ಕಂಡುಕೊಂಡರು. ಮತವು ಬೇರೆ, ನೆಲವು ಬೇರೆ, ಉದ್ದೇಶವೂ ಬೇರೆ. ಮಿಶನ್ನಿನ ಮತಾಂತರದ ಗುರಿಯನ್ನು ಕನ್ನಡಿಗರು ಒಪ್ಪಬೇಕಾದ ಕಾರಣವಿಲ್ಲ. ಆದರೂ ಇಬ್ಬರ ದುಡಿಮೆಯ ರೀತಿಯಲ್ಲಿ ಒಂದು ಸಾಮ್ಯವಿದೆ. ಅನುಕೂಲವಾದ ದಿನ ಬರಲೆಂದು ಇಬ್ಬರೂ ಕಾಯಲಿಲ್ಲ. ಇಬ್ಬರಿಗೂ ಕೆಲಸವು ಮನ್ನಣೆಗಿಂತ ಮೊದಲು ಬಂದಿತು. ದೊಡ್ಡ ಗುರಿಯನ್ನು ದಿನದ ಚಿಕ್ಕ ಪಾಲುಗಳಾಗಿ ಒಡೆದುಕೊಳ್ಳುವುದನ್ನು ಇಬ್ಬರೂ ಬಲ್ಲವರಾಗಿದ್ದರು: ಇಂದು ಇಷ್ಟು ಪದ, ನಾಳೆ ಇಷ್ಟು ಓಲೆ.

ಉದ್ಯೋಗದಲ್ಲಿ ನೊಂದ ತರುಣನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇದರಿಂದ ಸ್ಪಷ್ಟವಾಗುತ್ತವೆ. ಒಲ್ಲದ ಕೆಲಸದ ನಡುವೆಯೂ ತನ್ನ ಮನಸ್ಸು ತಾನಾಗಿ ಎತ್ತ ತಿರುಗುತ್ತಿದೆ? ಅದು ಯಾರ ಅಗತ್ಯವನ್ನು ಪೂರೈಸಬಲ್ಲುದು? ಇಂದಿನ ದಿನಕ್ಕೆ ಅದರಲ್ಲಿ ಮಾಡಿ ಮುಗಿಸಬಹುದಾದ ಪಾಲು ಎಷ್ಟು? ಇದರ ಬೆಲೆಯನ್ನು ತನ್ನೊಡನೆ ಯಾರು ತೆರಬೇಕಾಗುತ್ತದೆ? ಈ ನಾಲ್ಕಕ್ಕೆ ಉತ್ತರ ದೊರೆತರೆ ಮುಂದಿನದಕ್ಕೆ ತಾಳ್ಮೆ ಸಾಕು. ದೊರೆಯದಿದ್ದರೆ ಬೇರೆ ಉದ್ಯೋಗವನ್ನು ಅರಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಯೂ ಇವೇ ಪ್ರಶ್ನೆಗಳು ಎದುರಾಗುವುವೆಂಬುದನ್ನು ಮರೆಯಲಾಗದು.

ಗ್ರಂಥಾಲಯದಲ್ಲಿ ಕಿಟೆಲ್ಲರ ಕೋಶವನ್ನು ತೆರೆದು ಒಂದು ಪದದ ಅರ್ಥವನ್ನು ನೋಡಿ ಮುಚ್ಚುವ ವಿದ್ಯಾರ್ಥಿಗೆ ಅರ್ಧ ನಿಮಿಷ ಸಾಕು. ಆ ಒಂದು ಪದವನ್ನು ಅಲ್ಲಿ ಕೂರಿಸಲು ಎಷ್ಟು ಗಂಟೆಗಳು ಸಂದವೋ, ಸೋತ ಕಣ್ಣುಗಳು ಎಷ್ಟು ಓಲೆಗಳನ್ನು ತಿರುವಿದವೋ ಪುಟದ ಮೇಲೆ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಮಾಡಿದವನು ಮರೆಯಾಗಿ ಮಾಡಿದ ಕೆಲಸವು ಬಳಕೆಯಲ್ಲಿ ಉಳಿಯುವುದೇ ಕಾಯಕದ ಸಿದ್ಧಿ.